ವೀಳ್ಯದ ಜೊತೆ ಐನೂರು ಹಣ

1443ರ ಬೇಸಿಗೆ. ವಿಜಯನಗರದ ಅರಮನೆಯಲ್ಲಿ ನಲವತ್ತು ಕಂಬಗಳ ಸಭಾಂಗಣ. ಹಸಿರು ಸ್ಯಾಟಿನ್ ನಿಲುವಂಗಿ ತೊಟ್ಟು, ಕೊರಳಿಗೆ ಮುತ್ತಿನ ಹಾರ ಹಾಕಿಕೊಂಡು ಕುಳಿತಿದ್ದ ಪ್ರೌಢದೇವರಾಯನ ಎದುರಿಗೆ ಹೆರಾತಿನ ರಾಯಭಾರಿ ಅಬ್ದುರ್ ರಜಾಕ್ ತಲೆಬಾಗಿ ನಿಂತ. ತೈಮೂರನ ಮಗ ಶಾರೂಖ್ ಸುಲ್ತಾನ ಅವನನ್ನು ಕಲ್ಲಿಕೋಟೆಗೆ ಕಳಿಸಿದ್ದ. ಅಲ್ಲಿ ತಿಂಗಳುಗಟ್ಟಲೆ ಬೇಸತ್ತಿದ್ದವನಿಗೆ ರಾಯನಿಂದ ಕರೆ ಬಂದಿತ್ತು. ಸಮುದ್ರದ ದಾರಿಯಲ್ಲಿ ಮಂಗಳೂರಿಗೆ ಬಂದು, ಘಟ್ಟ ಹತ್ತಿ, ಬಿದನೂರಿನ ಮೇಲೆ ತುಂಗಭದ್ರೆಯ ದಡ ಸೇರಿದ್ದ. ಐದು ಕುದುರೆ, ಎರಡು ಹರಿವಾಣದ ತುಂಬ ಪಟ್ಟೆ ಪೀತಾಂಬರ ಅವನು ತಂದ ಕಾಣಿಕೆ. ಒಂದರ ಮೇಲೊಂದು ಅಂಗಿ ತೊಟ್ಟು ಬೆವರುತ್ತಿದ್ದ ಅತಿಥಿಯನ್ನು ಕಂಡು ಮರುಗಿದ ರಾಯ, ತನ್ನ ಕೈಯಲ್ಲಿದ್ದ ಬೀಸಣಿಗೆಯನ್ನೇ ಕೊಟ್ಟುಬಿಟ್ಟ. ಹೊರಡುವ ಹೊತ್ತಿಗೆ ರಾಯಭಾರಿಯ ಕೈಗೆ ಬಂದದ್ದು ಎರಡು ಕಟ್ಟು ವೀಳ್ಯದೆಲೆ, ಒಂದಿಷ್ಟು ಪಚ್ಚಕರ್ಪೂರ, ಐನೂರು ಹಣ ತುಂಬಿದ ಒಂದು ಚೀಲ.

ಹಣದ ಚೀಲ ಯಾಕೆ ಎಂಬುದನ್ನು ರಾಯನೇ ವಿವರಿಸಿದ ಎಂದು ರಜಾಕ್ ತನ್ನ ವೃತ್ತಾಂತದಲ್ಲಿ ಬರೆದಿದ್ದಾನೆ. ನಿಮ್ಮ ಕಡೆಯ ದೊರೆಗಳು ರಾಯಭಾರಿಯನ್ನು ಕರೆದು ತಮ್ಮೆದುರು ಊಟಕ್ಕೆ ಕೂರಿಸುತ್ತಾರೆ. ನೀವೂ ನಾವೂ ಒಟ್ಟಿಗೆ ಉಣ್ಣುವಂತಿಲ್ಲ. ಆದ್ದರಿಂದ ಈ ಚೀಲವೇ ನಮ್ಮ ಔತಣ ಎಂದುಕೊಳ್ಳಿ ಎಂಬುದು ಅವನ ಮಾತಿನ ತಾತ್ಪರ್ಯ.

ಇದರಲ್ಲಿ ಆ ಪರದೇಶಿಗೆ ಹೊಸತೆನಿಸಿದ್ದು ನಮ್ಮ ಊರುಗಳಲ್ಲಿ ಈಗಲೂ ನಡೆದಿದೆ. ಹೊರಗೆ ಉಣ್ಣದ ಆಚಾರವಂತರು ಮನೆಗೆ ಬಂದರೆ ಅಕ್ಕಿ, ಬೇಳೆ, ಬೆಲ್ಲ, ತರಕಾರಿಗಳನ್ನು ತಟ್ಟೆಯಲ್ಲಿಟ್ಟು, ಮೇಲೆ ಎಲೆ ಅಡಿಕೆಯ ಜೊತೆ ದಕ್ಷಿಣೆ ಇಟ್ಟು ಕೊಡುತ್ತಾರೆ. ಅದನ್ನು ಸ್ವಯಂಪಾಕ ಎನ್ನುತ್ತಾರೆ. ಬೇಯಿಸಿದ ಅನ್ನ ದಾಟಲಾಗದ ಹೊಸಿಲನ್ನು ಹಸಿ ಅಕ್ಕಿ ದಾಟುತ್ತದೆ; ನಾಣ್ಯವಂತೂ ಯಾವ ಹೊಸಿಲನ್ನಾದರೂ ದಾಟುತ್ತದೆ. ರಜಾಕನ ಬಿಡಾರಕ್ಕೆ ಅರಮನೆಯಿಂದ ದಿನವೂ ಬರುತ್ತಿದ್ದ ಪಡಿಯ ಪಟ್ಟಿಯನ್ನೇ ನೋಡಿ: ಎರಡು ಕುರಿ, ನಾಲ್ಕು ಜೋಡಿ ಕೋಳಿ, ಐದು ಮಣ ಅಕ್ಕಿ, ಒಂದು ಮಣ ಬೆಣ್ಣೆ, ಒಂದು ಮಣ ಸಕ್ಕರೆ, ಮೇಲೆ ಎರಡು ವರಹ. ಕುರಿ ಕೋಳಿ ಬಿಟ್ಟರೆ ಅಪ್ಪಟ ಸ್ವಯಂಪಾಕ! ವಾರಕ್ಕೆರಡು ಸಲ ಸಂಜೆ ಅವನಿಗೆ ರಾಯನಿಂದ ಕರೆ ಬರುತ್ತಿತ್ತು. ಪ್ರತಿ ಸಲವೂ ವೀಳ್ಯ, ಪ್ರತಿ ಸಲವೂ ಹಣದ ಚೀಲ. ಮುಂದೆ, ಇವನು ನಿಜವಾದ ರಾಯಭಾರಿಯೇ ಅಲ್ಲ ಎಂದು ಹೊರ್ಮುಜಿನ ವರ್ತಕರು ಪುಕಾರು ಎಬ್ಬಿಸಿದರು. ರಾಯನ ಮಂತ್ರಿಯಾದ ದಣಾಯಕ ಊರಲ್ಲಿಲ್ಲದ ಹೊತ್ತಿನಲ್ಲಿ ಅಧಿಕಾರ ನೋಡಿಕೊಳ್ಳುತ್ತಿದ್ದವನು ಮೊದಲು ಮಾಡಿದ್ದು ಈ ದಿನದ ಪಡಿಯನ್ನು ನಿಲ್ಲಿಸಿದ್ದು. ಪಡಿ ನಿಂತದ್ದನ್ನು ರಜಾಕ್ ನಷ್ಟ ಎಂದಲ್ಲ, ಅವಮಾನ ಎಂದು ಓದಿಕೊಂಡ. ಇಷ್ಟು ದಿನದಲ್ಲಿ ಊರಿನ ಭಾಷೆ ಅವನಿಗೆ ಅರ್ಥವಾಗಿತ್ತು.

ಅದೇ ನಗರದಲ್ಲಿ ಅದೇ ನಾಣ್ಯ ಬೇರೆ ಕೆಲಸವನ್ನೂ ಮಾಡುತ್ತಿತ್ತು. ಚಿನ್ನದಲ್ಲಿ ವರಹ, ಅದರ ಅರ್ಧ ಪ್ರತಾಪ, ಪ್ರತಾಪದ ಹತ್ತನೇ ಒಂದು ಭಾಗ ಹಣ, ಬೆಳ್ಳಿಯ ತಾರ, ತಾಮ್ರದ ಜಿತಲ್ ಎಂದು ರಜಾಕ್ ಲೆಕ್ಕ ಕೊಡುತ್ತಾನೆ. ಕಂದಾಯವೆಲ್ಲ ಟಂಕಸಾಲೆಗೆ ಬರುತ್ತಿತ್ತು. ರಾಜ್ಯದಿಂದ ಯಾರಿಗೆ ಏನು ಸಲ್ಲಬೇಕಿದ್ದರೂ ಟಂಕಸಾಲೆಯ ಮೇಲೆ ಚೀಟಿ ಬರೆಯುತ್ತಿದ್ದರು. ಸೈನಿಕರಿಗೆ ನಾಲ್ಕು ತಿಂಗಳಿಗೊಮ್ಮೆ ಸಂಬಳ. ಟಂಕಸಾಲೆಯ ಎದುರಿಗೇ ನಗರದ ಕೊತ್ವಾಲನ ಕಚೇರಿ. ಅವನ ಕೈಕೆಳಗಿನ ಹನ್ನೆರಡು ಸಾವಿರ ಕಾವಲುಗಾರರಿಗೆ ದಿನಕ್ಕೆ ಹನ್ನೆರಡು ಸಾವಿರ ಹಣ ಸಂಬಳವಂತೆ. ಆ ಮೊತ್ತ ಹುಟ್ಟುತ್ತಿದ್ದದ್ದು ಸೂಳೆಗೇರಿಯ ತೆರಿಗೆಯಿಂದಂತೆ. ರಜಾಕನ ಅಂಕಿಗಳು ಕೊಂಚ ಉಬ್ಬಿರಬಹುದು, ದರಬಾರಿನಲ್ಲಿ ಬೆಳೆದ ಲೇಖಕರಿಗೆ ಹನ್ನೆರಡು ಸಾವಿರದ ಮೋಹ ಹೆಚ್ಚು. ಆದರೆ ಅವನು ತೋರಿಸುವ ಹರಿವು ಸುಳ್ಳಲ್ಲ. ಸೂಳೆಗೇರಿಯಿಂದ ಕಾವಲುಗಾರನ ಸೆರಗಿಗೆ ಹೋಗುವ ಹಣವೂ ವೀಳ್ಯದ ಮೇಲೆ ಕುಳಿತು ಔತಣವಾಗುವ ಹಣವೂ ಒಂದೇ ಅಚ್ಚಿನದು, ಒಂದೇ ತೂಕದ್ದು. ದಾನಕ್ಕೆಂದು ಬೇರೆ ನಾಣ್ಯ ಇರಲಿಲ್ಲ. ಅದು ನನಗೆ ಮುಖ್ಯವಾಗಿ ಕಾಣುತ್ತದೆ, ಯಾಕೆಂದರೆ ನಮಗೆ ಈಗ ಇದೆ.

ನಾಣ್ಯ ಕೊಡುವ ಈ ಪದ್ಧತಿ ವಿಜಯನಗರಕ್ಕಿಂತ ಬಹಳ ಹಳೆಯದು. ಋಗ್ವೇದದ ಕಕ್ಷೀವಂತ ತನಗೆ ರಾಜನಿಂದ ನೂರು ಕುದುರೆಗಳ ಜೊತೆ ನೂರು ನಿಷ್ಕ ಸಿಕ್ಕಿತೆಂದು ಹಿಗ್ಗಿ ಹಾಡಿದ್ದಾನೆ. ಆ ನಿಷ್ಕ ಇನ್ನೂ ನಾಣ್ಯವಲ್ಲ, ಕೊರಳಿನ ಚಿನ್ನ. ಅಚ್ಚೊತ್ತಿದ ನಾಣ್ಯ ದಕ್ಷಿಣೆಯಾಗಿ ಸ್ಪಷ್ಟವಾಗಿ ಕಾಣುವುದು ಮಹಾರಾಷ್ಟ್ರದ ಜುನ್ನರದ ಹತ್ತಿರದ ನಾಣೇಘಾಟಿನಲ್ಲಿ. ಕೊಂಕಣದಿಂದ ಘಟ್ಟ ಹತ್ತುವ ವರ್ತಕರ ದಾರಿಯಲ್ಲಿ ಒಂದು ಗುಹೆ. ಅದರ ಗೋಡೆಗಳ ಮೇಲೆ ಸಾತವಾಹನ ರಾಣಿ ನಾಗನಿಕೆ ತಮ್ಮ ಮನೆತನ ಮಾಡಿಸಿದ ಯಜ್ಞಗಳನ್ನೂ ಕೊಟ್ಟ ದಕ್ಷಿಣೆಗಳನ್ನೂ ಕೆತ್ತಿಸಿದ್ದಾಳೆ. ಕ್ರಿಸ್ತಪೂರ್ವ ಮೊದಲನೇ ಶತಮಾನದ್ದೆಂದು ಬಹುಪಾಲು ವಿದ್ವಾಂಸರ ಅಭಿಪ್ರಾಯ. ಶಾಸನ ಅಲ್ಲಲ್ಲಿ ಒಡೆದಿದೆ. ಉಳಿದ ಅಂಕಿಗಳು ಮಾತ್ರ ಸೊಗಸಾಗಿವೆ. ಒಂದು ಯಜ್ಞಕ್ಕೆ ಕಾರ್ಷಾಪಣವೆಂಬ ನಾಣ್ಯ 24,400. ನೋಡಲು ಬಂದವರಿಗೂ ಆಳುಗಳಿಗೂ 6,001. ಮತ್ತೊಂದಕ್ಕೆ 1,101 ಹಸು, ಇನ್ನೊಂದಕ್ಕೆ 10,001.

ಆ ಕೊನೆಯ ಒಂದನ್ನು ನೋಡಿ. ಮದುವೆ ಮನೆಯಲ್ಲಿ ನೂರಾ ಒಂದು ಮುಯ್ಯಿ ಮಾಡುವ ನಾವು ಎರಡು ಸಾವಿರ ವರ್ಷದ ಹಿಂದಿನ ರಾಣಿಯೊಬ್ಬಳ ಲೆಕ್ಕದ ಕ್ರಮವನ್ನೇ ಹಿಡಿದಿದ್ದೇವೆ. ಯಾಕೆ ಒಂದು ಹೆಚ್ಚು ಎಂದರೆ ಮನೆಗೊಂದು ಉತ್ತರ ಸಿಗುತ್ತದೆ. ಸೊನ್ನೆಯಲ್ಲಿ ಮುಗಿಯಬಾರದು ಎನ್ನುತ್ತಾರೆ, ಮುಂದಿನ ನೂರಕ್ಕೆ ಅದು ಬೀಜ ಎನ್ನುತ್ತಾರೆ. ನಾಗನಿಕೆ ಕಾರಣ ಬರೆಸಲಿಲ್ಲ. ಕಾರ್ಷಾಪಣದ ಕಾಲದಲ್ಲಿ ಸೊನ್ನೆಯ ಚಿಹ್ನೆಯೇ ಇನ್ನೂ ಬರವಣಿಗೆಗೆ ಬಂದಿರಲಿಲ್ಲವಾದ್ದರಿಂದ ಮೊದಲನೆಯ ಉತ್ತರ ಆಮೇಲೆ ಹುಟ್ಟಿದ್ದಿರಬೇಕು. ನನ್ನ ಊಹೆ ಇಷ್ಟು: ಪೂರ್ಣ ಸಂಖ್ಯೆ ಬೆಲೆಗೆ ಒಪ್ಪುತ್ತದೆ. ಅಂಗಡಿಯಲ್ಲಿ ನೂರಕ್ಕೆ ನೂರು ಕೊಟ್ಟರೆ ವ್ಯವಹಾರ ಮುಗಿಯಿತು. ಒಂದು ಜಾಸ್ತಿಯಾದರೆ ಇದು ಬೆಲೆಯಲ್ಲ, ಲೆಕ್ಕ ಮುಗಿದಿಲ್ಲ ಎಂದು ಹೇಳಿದಂತೆ. ಮುಯ್ಯಿಯ ಪುಸ್ತಕ ಇಟ್ಟವರಿಗೆ ಇದು ಚೆನ್ನಾಗಿ ಗೊತ್ತು. ಬಂದದ್ದನ್ನು ಬರೆದಿಡುವುದು ಮರಳಿಸುವುದಕ್ಕೆ. ಮರಳಿಸುವಾಗ ಒಂದಿಷ್ಟು ಹೆಚ್ಚು ಸೇರಿಸುವುದು ಎರಡು ಮನೆಗಳ ನಡುವಿನ ಬಾಕಿ ತೀರದಿರಲೆಂದು.

ಕೊಟ್ಟ ನಾಣ್ಯ ಸುಮ್ಮನೆ ಕೂರುವುದಿಲ್ಲ ಎಂಬುದೂ ಅಷ್ಟೇ ಹಳೆಯ ತಿಳಿವಳಿಕೆ. ಕ್ರಿಸ್ತಶಕ ಎರಡನೇ ಶತಮಾನದ ಆರಂಭದಲ್ಲಿ ಕ್ಷತ್ರಪ ನಹಪಾನನ ಅಳಿಯ ಉಷವದಾತ ದೇವರಿಗೂ ಬ್ರಾಹ್ಮಣರಿಗೂ 70,000 ಕಾರ್ಷಾಪಣ ಕೊಟ್ಟನೆಂದು ನಾಸಿಕದ ಗುಹೆಯಲ್ಲಿ ಬರೆಸಿದ. ಮೂವತ್ತೈದು ಕಾರ್ಷಾಪಣಕ್ಕೆ ಒಂದು ಸುವರ್ಣದಂತೆ ಅದು 2,000 ಸುವರ್ಣ ಎಂಬ ವಿನಿಮಯ ದರವನ್ನೂ ಸೇರಿಸಿದ್ದಾನೆ. ಪುಣ್ಯದ ಮಾತಿನ ನಡುವೆ ಇಂಥ ಸರಾಫನ ಖಚಿತತೆ ಓದಲು ಖುಷಿ. ಅದೇ ಉಷವದಾತ ಬೌದ್ಧ ಭಿಕ್ಷುಗಳ ಬಟ್ಟೆಬರೆಗೆಂದು 3,000 ಕಾರ್ಷಾಪಣವನ್ನು ನೇಕಾರರ ಶ್ರೇಣಿಗಳಲ್ಲಿ ಬಡ್ಡಿಗೆ ಇಟ್ಟ. ಅಸಲು ಹಿಂದಕ್ಕಿಲ್ಲ, ಬಡ್ಡಿಯಷ್ಟೇ ಸಲ್ಲಬೇಕು. ಮುಂದೆ ಕನ್ನಡ ನಾಡಿನ ಶಾಸನಗಳಲ್ಲಿ ಇಂಥದ್ದು ಹೆಜ್ಜೆಹೆಜ್ಜೆಗೂ ಸಿಗುತ್ತದೆ. ಇಷ್ಟು ಗದ್ಯಾಣ ಇಟ್ಟಿದ್ದೇವೆ, ಇದರ ಬಡ್ಡಿಯಲ್ಲಿ ನಂದಾದೀಪ ನಡೆಯಬೇಕು, ಇದಕ್ಕೆ ತಪ್ಪಿದವರು ಗಂಗೆಯ ತಡಿಯಲ್ಲಿ ಕವಿಲೆಯನ್ನು ಕೊಂದ ಪಾಪಕ್ಕೆ ಹೋಗುವರು. ಒಂದೇ ದೀಪದ ಎಣ್ಣೆಗೆ ಇಷ್ಟು ದೊಡ್ಡ ಶಾಪ.

ದಾನ ತೆಗೆದುಕೊಳ್ಳುವುದರಲ್ಲಿ ಅಪಾಯವಿದೆ ಎಂಬ ಭಯವೂ ಇತ್ತು. ರಾಜನ ದಾನ ಹಿಡಿಯುವುದು ಎಷ್ಟು ಕೆಟ್ಟದ್ದೆಂದು ಮನುಸ್ಮೃತಿ ಮತ್ತೆ ಮತ್ತೆ ಎಚ್ಚರಿಸುತ್ತದೆ. ಮತ್ಸ್ಯಪುರಾಣದಲ್ಲಿ ಹದಿನಾರು ಮಹಾದಾನಗಳ ವರ್ಣನೆ ಇದೆ, ಅದರಲ್ಲಿ ಮೊದಲನೆಯದು ತುಲಾಪುರುಷ. ರಾಜ ತನ್ನ ಮೈತೂಕಕ್ಕೆ ಚಿನ್ನ ತೂಗಿ ಹಂಚುವುದು. ತೂಗಿದ ಆ ಚಿನ್ನವನ್ನು ಹೆಚ್ಚು ಕಾಲ ಮನೆಯಲ್ಲಿ ಇಟ್ಟುಕೊಳ್ಳಬಾರದು ಎಂದು ಪುರಾಣ ಕಟ್ಟಪ್ಪಣೆ ಮಾಡುತ್ತದೆ. ಇಟ್ಟುಕೊಂಡರೆ ಭಯ, ವ್ಯಾಧಿ. ದೇವಗಿರಿಯ ಯಾದವರ ಮಂತ್ರಿ ಹೇಮಾದ್ರಿ ಹದಿಮೂರನೇ ಶತಮಾನದಲ್ಲಿ ದಾನದ ಇಂಥ ವಿಧಿಗಳನ್ನೆಲ್ಲ ಒಂದು ಬೃಹತ್ ಗ್ರಂಥದಲ್ಲಿ ಕಲೆಹಾಕಿದ. ಹಂಪೆಯ ವಿಠ್ಠಲ ದೇವಾಲಯದ ಬಳಿ ಎರಡು ಕಂಬ, ಮೇಲೊಂದು ತೊಲೆ ಇರುವ ಕಲ್ಲಿನ ಚೌಕಟ್ಟು ನಿಂತಿದೆಯಲ್ಲ, ಅದನ್ನು ರಾಜರ ತುಲಾಭಾರದ ತಕ್ಕಡಿ ಎಂದೇ ಊರವರು ತೋರಿಸುತ್ತಾರೆ. ಅದೇ ಪ್ರೌಢದೇವರಾಯನ ಆಸ್ಥಾನದಲ್ಲಿ ತೆಲುಗು ಕವಿ ಶ್ರೀನಾಥ ವಾದದಲ್ಲಿ ಪಂಡಿತ ಡಿಂಡಿಮಭಟ್ಟನನ್ನು ಗೆದ್ದು ಚಿನ್ನದ ನಾಣ್ಯಗಳಲ್ಲಿ ಮಿಂದ ಎಂಬ ಪ್ರತೀತಿ ಇದೆ. ಕೊನೆಗಾಲಕ್ಕೆ ಅದೇ ಕವಿ ಬಡತನದಲ್ಲಿ ನರಳಿದ ಎಂದೂ ತೆಲುಗರು ಹೇಳುತ್ತಾರೆ. ಅಭಿಷೇಕದ ಚಿನ್ನ ಅವನ ಮನೆಯಲ್ಲೂ ನಿಲ್ಲಲಿಲ್ಲ.

ನಾಣ್ಯಗಳಲ್ಲಿ ಮಿಂದ ಇನ್ನೊಬ್ಬನ ಕಥೆ ಹೀಗಲ್ಲ. 1514ರಲ್ಲಿ, ಸುಮಾರು ಒಂದೂವರೆ ವರ್ಷದ ಮುತ್ತಿಗೆಯ ನಂತರ, ಒಡಿಶಾದ ಗಜಪತಿ ರಾಜನ ಉದಯಗಿರಿ ಕೋಟೆ ಕೃಷ್ಣದೇವರಾಯನ ಕೈಗೆ ಬಿತ್ತು. ಅಲ್ಲಿಂದ ಹಿಂದಿರುಗುವ ದಾರಿಯಲ್ಲಿ ರಾಯ ತಿರುಮಲೆ ಬೆಟ್ಟ ಹತ್ತಿದ. ಆಳ್ವಿಕೆಯ ಉದ್ದಕ್ಕೂ ಏಳು ಸಲ ಬಂದವನು. ಹಿಂದಿನ ವರ್ಷ ರತ್ನದ ಕಿರೀಟ ಒಪ್ಪಿಸಿದ್ದ. ಈ ಸಲ ಜುಲೈ 6ರಂದು ತಿಮ್ಮಪ್ಪನಿಗೆ ಮೂವತ್ತು ಸಾವಿರ ಚಿನ್ನದ ನಾಣ್ಯಗಳಿಂದ ಕನಕಾಭಿಷೇಕ ಮಾಡಿಸಿದ. ಹಾಲು, ಜೇನು, ತುಪ್ಪ ಸುರಿಯುವ ಕಡೆ ನಾಣ್ಯ ಸುರಿಯುವುದು. ಯುದ್ಧ ಮುಗಿಸಿ ಬಂದ ದಂಡು, ಬೆಟ್ಟದ ಮೇಲಿನ ಮಳೆಗಾಲ, ಗರ್ಭಗುಡಿಯಲ್ಲಿ ಲೋಹದ ಸದ್ದು. ಗೋಡೆಯ ಮೇಲಿನ ಶಾಸನ ಅದೆಲ್ಲವನ್ನೂ ಬಿಟ್ಟು ದಿನ ಮತ್ತು ಮೊತ್ತವನ್ನು ಹೇಳಿ ಮುಂದಕ್ಕೆ ಹೋಗುತ್ತದೆ.

ಆಮೇಲೆ ಆ ನಾಣ್ಯಗಳು ಎಲ್ಲಿಗೆ ಹೋದವು? ದೇವರ ಹುಂಡಿ ಎಂದರೆ ಹೂತಿಟ್ಟ ನಿಧಿ ಎಂದುಕೊಳ್ಳುವವರು ತಿರುಪತಿಯ ಶಾಸನಗಳನ್ನು ಓದಬೇಕು. ಹದಿನೈದು ಹದಿನಾರನೇ ಶತಮಾನಗಳಲ್ಲಿ ಅಲ್ಲಿಗೆ ಬಂದ ನಗದು ಕಾಣಿಕೆಗಳು ಶ್ರೀಭಂಡಾರಕ್ಕೆ ಸೇರಿ, ಅಲ್ಲಿಂದ ದೇವಸ್ಥಾನದ ಹಳ್ಳಿಗಳಿಗೆ ಇಳಿದವು. ಕೆರೆಯ ಹೂಳು ತೆಗೆಸಲು, ಕಾಲುವೆ ತೋಡಿಸಲು ಅವನ್ನು ಹಾಕಿದರು. ನೀರು ಬಂದ ಗದ್ದೆಯಲ್ಲಿ ಹೆಚ್ಚಿದ ಬೆಳೆ ಬೆಟ್ಟಕ್ಕೆ ಏರಿತು. ಅದರಿಂದ ದಾನಿಯ ಹೆಸರಿನಲ್ಲಿ ನೈವೇದ್ಯ. ಆ ಪ್ರಸಾದದಲ್ಲಿ ನಾಲ್ಕನೇ ಒಂದು ಭಾಗ ದಾನಿಗೆ ಅಥವಾ ದಾನಿ ಹೇಳಿದವರಿಗೆ. ಇತಿಹಾಸಕಾರ ಬರ್ಟನ್ ಸ್ಟೈನ್ 1960ರಲ್ಲಿ ಈ ಲೆಕ್ಕವನ್ನು ಬಿಡಿಸಿಟ್ಟು, ದೇವಾಲಯ ಆ ಸೀಮೆಯ ಬೇಸಾಯಕ್ಕೆ ಬಂಡವಾಳ ಹೂಡುತ್ತಿತ್ತು ಎಂದು ತೋರಿಸಿದರು. ಕೊಟ್ಟ ಚಿನ್ನ ಕಾಲುವೆಯಾಯಿತು, ಕಾಲುವೆ ಅಕ್ಕಿಯಾಯಿತು, ಅಕ್ಕಿ ಪ್ರಸಾದವಾಗಿ ಕೊಟ್ಟವನ ಬೊಗಸೆಗೆ ಬಂತು. ರಜಾಕನಿಗೆ ಊಟದ ಬದಲು ನಾಣ್ಯ ಕೊಟ್ಟ ವಂಶದ ಸಿಂಹಾಸನದಲ್ಲಿ ಕೂತವನು ಇಲ್ಲಿ ನಾಣ್ಯ ಕೊಟ್ಟು ಊಟ ಪಡೆದ. (ವಂಶ ಬೇರೆ, ಸಂಗಮರಲ್ಲ ತುಳುವರು, ಎಂದು ಪಂಡಿತರು ತಿದ್ದುವ ಮೊದಲೇ ಒಪ್ಪಿಕೊಂಡುಬಿಡುತ್ತೇನೆ; ಸಿಂಹಾಸನ ಅದೇ.)

ದೇವರೂ ನಾಣ್ಯವೂ ಇಷ್ಟು ಹತ್ತಿರ ಬಂದಮೇಲೆ ನಾಣ್ಯದ ಮೇಲೆ ದೇವರು ಕೂತದ್ದರಲ್ಲಿ ಆಶ್ಚರ್ಯವಿಲ್ಲ. ವಿಜಯನಗರದ ಮೊದಲ ದೊರೆಗಳ ನಾಣ್ಯಗಳಲ್ಲಿ ಹನುಮಂತ, ಗರುಡ. ಇಮ್ಮಡಿ ಹರಿಹರನ ಕಾಲಕ್ಕೆ ಉಮಾಮಹೇಶ್ವರ, ಲಕ್ಷ್ಮೀನಾರಾಯಣ. ಉದಯಗಿರಿಯಿಂದ ಬಾಲಕೃಷ್ಣನ ವಿಗ್ರಹ ತಂದು ಹಂಪೆಯಲ್ಲಿ ಗುಡಿ ಕಟ್ಟಿಸಿದ ಕೃಷ್ಣದೇವರಾಯನ ವರಹದ ಮೇಲೆ ಕೈಯಲ್ಲಿ ಬೆಣ್ಣೆ ಹಿಡಿದ ಬಾಲಕೃಷ್ಣ. ಕಮಾನಿನ ಕೆಳಗೆ ನಿಂತ ವೆಂಕಟೇಶ್ವರನಿರುವ ದೊಡ್ಡ ಚಿನ್ನದ ನಾಣ್ಯವೊಂದನ್ನು ಆ ಕನಕಾಭಿಷೇಕಕ್ಕೆ ಜೋಡಿಸುವ ನಾಣ್ಯತಜ್ಞರೂ ಇದ್ದಾರೆ. ಮೂರೂವರೆ ಗ್ರಾಮಿಗೆ ಚೂರು ಕಡಿಮೆ ತೂಗುವ ಬಾಲಕೃಷ್ಣನ ಆ ವರಹಗಳಲ್ಲಿ ಕುದುರೆ ಕೊಳ್ಳಬಹುದಿತ್ತು, ಕೈಮುಗಿಯಲೂಬಹುದಿತ್ತು.

1565ರಲ್ಲಿ ನಗರ ಹಾಳಾಯಿತು, ನಾಣ್ಯ ಉಳಿಯಿತು. ಕೆಳದಿಯ ನಾಯಕರು ಶಿವಪಾರ್ವತಿಯರ ಇಕ್ಕೇರಿ ವರಹ ಹೊಡೆಸಿದರು. ಶ್ರೀರಂಗಪಟ್ಟಣದಲ್ಲಿ ರಣಧೀರ ಕಂಠೀರವ ನರಸರಾಜ ಒಡೆಯರು ಟಂಕಸಾಲೆ ಇಟ್ಟು ನರಸಿಂಹನಿರುವ ಪುಟ್ಟ ಕಂಠೀರಾಯಿ ಹಣ ಹೊರಡಿಸಿದರು. ತುಲಸಿ ಎಲೆಗಿಂತ ಚಿಕ್ಕದು, ಬೆರಳ ಸಂದಿಯಿಂದ ಜಾರಿದರೆ ಹುಡುಕುವುದು ಕಷ್ಟ. 1763ರಲ್ಲಿ ಬಿದನೂರು ಗೆದ್ದ ಹೈದರಾಲಿ ತನ್ನ ಬಹಾದುರಿ ವರಹದ ಒಂದು ಮುಖದಲ್ಲಿ ತನ್ನ ಹೆಸರಿನ ಮೊದಲಕ್ಷರ ಹಾಕಿ, ಇನ್ನೊಂದರಲ್ಲಿ ಶಿವಪಾರ್ವತಿಯರನ್ನು ಹಾಗೆಯೇ ಬಿಟ್ಟ. ಮದ್ರಾಸಿನ ಈಸ್ಟ್ ಇಂಡಿಯಾ ಕಂಪನಿಯಂಥ ಲಾಭಕೋರ ಸಂಸ್ಥೆಯೂ ವೆಂಕಟೇಶ್ವರ ಮತ್ತು ಇಬ್ಬರು ದೇವಿಯರಿರುವ ಮೂರು ಸ್ವಾಮಿ ವರಹವನ್ನು ಅಚ್ಚುಹಾಕಿತು. ಇದು ಭಕ್ತಿಯಲ್ಲ, ದೇವರಿಲ್ಲದ ಚಿನ್ನವನ್ನು ಜನ ಕೈಯಲ್ಲಿ ಮುಟ್ಟಿ ನೋಡಿ ಅನುಮಾನಿಸುತ್ತಿದ್ದರು, ಅಷ್ಟೇ.

ಬೇರೆಯವರ ದೇವರಾದರೂ ನಡೆಯುತ್ತಿತ್ತು. ವೆನಿಸ್ಸಿನ ಚಿನ್ನದ ಡುಕಾಟಿನ ತೂಕ ವರಹಕ್ಕೆ ಹತ್ತಿರ. ಅದರ ಮೇಲೆ ಸಂತ ಮಾರ್ಕನ ಮುಂದೆ ಮಂಡಿಯೂರಿದ ದೊರೆ, ಹಿಂದೆ ನಕ್ಷತ್ರಗಳ ನಡುವೆ ಯೇಸು. ಸಮುದ್ರ ದಾಟಿ ಬಂದ ಈ ಗೊಂಬೆಗಳನ್ನು ನಮ್ಮ ಹೆಣ್ಣುಮಕ್ಕಳು ತಮ್ಮ ದೇವರೆಂದೇ ಬಗೆದು ಕೊರಳಿಗೇರಿಸಿದರು. ಉತ್ತರ ಕರ್ನಾಟಕದ ಪುತಳಿ ಸರದ ಮೂಲ ಅಲ್ಲಿದೆ. ಇದೂ ಹೊಸತಲ್ಲ. ಹಾನಗಲ್ಲಿನ ಬಳಿಯ ಅಕ್ಕಿಆಲೂರಿನಲ್ಲಿ ಸಿಕ್ಕ ಬೈಜಾಂಟೈನ್ ಚಕ್ರವರ್ತಿಗಳ ಚಿನ್ನದ ನಾಣ್ಯಗಳಲ್ಲೂ ದಾರ ಪೋಣಿಸಲು ತೂತು ಕೊರೆದವು ಇವೆ. ಮಗಳಿಗೆ ಕೊಟ್ಟ ನಾಣ್ಯ ಪೇಟೆಗೆ ಹೋಗಬಾರದು, ಹೋಗಬೇಕಾದ ದಿನ ಬಂದರೆ ಹೋಗುವಂತಿರಬೇಕು. ಆ ತೂತಿನಲ್ಲಿ ಎರಡೂ ಇತ್ತು.

ಟಿಪ್ಪು ದೇವರ ಚಿತ್ರಗಳನ್ನು ನಾಣ್ಯದಿಂದ ತೆಗೆದ. ಆದರೆ ನಾಣ್ಯ ಕೊಡುವ ಪದ್ಧತಿಯನ್ನು ತೆಗೆಯಲಿಲ್ಲ. 1791ರಲ್ಲಿ ಮರಾಠಾ ಸೈನ್ಯದ ಜೊತೆ ಬಂದ ಲೂಟಿಕೋರರು ಶೃಂಗೇರಿ ಮಠವನ್ನು ದೋಚಿ ಶಾರದೆಯ ವಿಗ್ರಹವನ್ನು ಸ್ಥಳಾಂತರಿಸಿ ಹೋದಾಗ, ಸ್ವಾಮಿಗಳ ಪತ್ರಕ್ಕೆ ಉತ್ತರವಾಗಿ ಟಿಪ್ಪು ಬಿದನೂರಿನ ಅಧಿಕಾರಿಗೆ 200 ರಾಹತಿ ನಗದನ್ನೂ ಧಾನ್ಯವನ್ನೂ ಕೊಡುವಂತೆ ಅಪ್ಪಣೆ ಬರೆಸಿದ. ರಾಹತಿ ಎಂದರೆ ಅವನು ತನ್ನ ಚಿನ್ನದ ಹಣಕ್ಕೆ ಇಟ್ಟ ಹೆಸರು. ಆ ಕನ್ನಡ ಪತ್ರಗಳನ್ನು 1916ರಲ್ಲಿ ಮಠದಲ್ಲಿ ಕಂಡು ಹೊರತಂದವರು ಮೈಸೂರಿನ ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್. ದೇವರಿಲ್ಲದ ನಾಣ್ಯದಿಂದ ದೇವಿಯ ಪುನಃಪ್ರತಿಷ್ಠೆ. ಅದಕ್ಕೆ ಯಾರೂ ತಕರಾರು ತೆಗೆದಂತಿಲ್ಲ. 1799ರ ನಂತರ ಮುಮ್ಮಡಿ ಕೃಷ್ಣರಾಜ ಒಡೆಯರ ವರಹದಲ್ಲಿ ಶಿವಪಾರ್ವತಿಯರು ಮತ್ತೆ ಬಂದು ಕೂತರು.

ಪೇಟೆಯ ನಾಣ್ಯದ ಮೇಲೆ ದೇವರಿರುವ ಈ ಶತಮಾನಗಳ ಕ್ರಮ ಮುರಿದದ್ದು ಯುದ್ಧದಿಂದಲ್ಲ, ಕಾಗದದ ಮೇಲಿನ ಎರಡು ಆಜ್ಞೆಗಳಿಂದ. 1818ರಲ್ಲಿ ಮದ್ರಾಸ್ ಪ್ರಾಂತ ವರಹ-ಹಣದ ಲೆಕ್ಕವನ್ನು ಕೈಬಿಟ್ಟು ರೂಪಾಯಿಗೆ ಬಂತು, ಒಂದು ವರಹಕ್ಕೆ ಮೂರೂವರೆ ರೂಪಾಯಿಯಂತೆ. 1835ರ ಕಾನೂನು ಕಂಪನಿಯ ಆಳ್ವಿಕೆಗೆಲ್ಲ ಒಂದೇ ತೂಕದ ಬೆಳ್ಳಿ ರೂಪಾಯಿಯನ್ನು ಗೊತ್ತುಮಾಡಿತು. ಅದರ ಮೇಲೆ ನಾಲ್ಕನೇ ವಿಲಿಯಂ ದೊರೆಯ ತಲೆ. ಪೇಟೆಯ ನಾಣ್ಯದಿಂದ ದೇವರು ಇಳಿದುಹೋದ.

ಜನ ಏನು ಮಾಡಿದರು? ಒಂದು, ದೊರೆಯ ತಲೆಗೂ ರಾಣಿಯ ತಲೆಗೂ ಅರಿಸಿನ ಕುಂಕುಮ ಹಚ್ಚಿದರು. ತಿರುಪತಿಗೋ ಧರ್ಮಸ್ಥಳಕ್ಕೋ ಹರಕೆ ಹೊತ್ತು ಅರಿಸಿನದ ಬಟ್ಟೆಯಲ್ಲಿ ಮುಡಿಪು ಕಟ್ಟುವಾಗ ಒಳಗೆ ವಿಕ್ಟೋರಿಯಾ ಇದ್ದರೆ ಮುಡಿಪು ಕೆಡಲಿಲ್ಲ. ಕಾಸಿನ ಸರಕ್ಕೆ ಇಂಗ್ಲೆಂಡಿನ ಸವರನ್ನು ಬಂತು, ಕರಾವಳಿಯವರು ಬಂಗಾರವನ್ನು ಈಗಲೂ ಪವನಿನಲ್ಲೇ ಲೆಕ್ಕ ಹಾಕುತ್ತಾರೆ. ಎರಡು, ಪೇಟೆಯಲ್ಲಿ ನಡೆಯದ, ಕೊಡುವುದಕ್ಕೂ ಪೂಜಿಸುವುದಕ್ಕೂ ಮಾತ್ರ ಇರುವ ಬೇರೆ ನಾಣ್ಯ ಬೆಳೆಯಿತು. ಒಂದು ಮುಖದಲ್ಲಿ ರಾಮಪಟ್ಟಾಭಿಷೇಕ, ಇನ್ನೊಂದರಲ್ಲಿ ಬಿಲ್ಲು ಹಿಡಿದ ರಾಮಲಕ್ಷ್ಮಣರಿರುವ ರಾಮಟಂಕೆಗಳು ಮೊದಲಿನಿಂದಲೂ ಇದ್ದವು. ಈಗ ಅವುಗಳಿಗೆ ಬೇಡಿಕೆ ಹೆಚ್ಚಿತು. ಪುರಾತನವೆಂದು ನಂಬಿಸಲು ಸುಳ್ಳು ವರ್ಷ ಕೆತ್ತಿದವೂ ಬಂದವು. ಜಾತ್ರೆಗಳಲ್ಲಿ ಈಗಲೂ ಸಿಗುವ, 1818 ಎಂದು ಬರೆದ, ರಾಮ ಸೀತೆಯರಿರುವ ಕಂಪನಿಯ ತಾಮ್ರದ ಕಾಸು ಬರೀ ಬೊಗಳೆ. ಕಂಪನಿ ಚಿನ್ನದಲ್ಲಿ ತಿಮ್ಮಪ್ಪನನ್ನು ನಿಜವಾಗಿಯೂ ಹೊಡೆಸಿತ್ತು, ತಾಮ್ರದ ಆ ರಾಮನನ್ನಲ್ಲ. ವಿಚಿತ್ರವೆಂದರೆ ನಿಜದ್ದನ್ನು ಕೇಳಿದವರು ಕಡಿಮೆ, ಸುಳ್ಳಿನದನ್ನು ದೇವರ ಮನೆಯಲ್ಲಿ ಇಟ್ಟವರು ಬಹಳ.

ಇಂದು ನಾಮಕರಣಕ್ಕೂ ಗೃಹಪ್ರವೇಶಕ್ಕೂ ಕೊಡುವ ಲಕ್ಷ್ಮಿಯ ಬೆಳ್ಳಿ ನಾಣ್ಯ ಆ ರಾಮಟಂಕೆಯ ಮೊಮ್ಮಗಳು. ಅದರಲ್ಲಿ ಏನನ್ನೂ ಕೊಳ್ಳಲಾಗದು. ನನಗೆ ಅದರ ಮೇಲೆ ಅಷ್ಟೇನೂ ಪ್ರೀತಿಯಿಲ್ಲ. ಪ್ಲಾಸ್ಟಿಕ್ ಡಬ್ಬಿಯಿಂದ ಹೊರಗೆ ಬರದೆ ಒಂದು ಮನೆಯಿಂದ ಇನ್ನೊಂದು ಮನೆಗೆ ದಾಟುತ್ತಾ ಹೋಗುತ್ತದೆ. ಹಳೆಯ ವರಹದ ಕೆಲಸವನ್ನು ಉಳಿಸಿಕೊಂಡಿರುವುದು ಮುಯ್ಯಿ ಲಕೋಟೆಯ ಮೂಲೆಗೆ ಅಂಟಿಸಿದ ಒಂದು ರೂಪಾಯಿ. ಅದು ಪೇಟೆಯದೇ ನಾಣ್ಯ. ಲಕೋಟೆ ಹರಿದ ಮೇಲೆ ಬಸ್ಸಿನ ಚಿಲ್ಲರೆಗೆ ಬರುತ್ತದೆ, ಅದಕ್ಕೆ ಮೊದಲು ನೂರನ್ನು ನೂರಾ ಒಂದು ಮಾಡಿರುತ್ತದೆ.

ದೇವರು ಪೇಟೆಯ ನಾಣ್ಯಕ್ಕೆ ಮರಳಿ ಬಂದದ್ದೂ ಉಂಟು. ತಂಜಾವೂರಿನ ಬೃಹದೀಶ್ವರ ದೇವಾಲಯಕ್ಕೆ ಸಾವಿರ ವರ್ಷ ತುಂಬಿದ್ದಕ್ಕೆ 2010ರಲ್ಲಿ, ವೈಷ್ಣೋದೇವಿ ದೇವಸ್ಥಾನ ಮಂಡಳಿಯ ಬೆಳ್ಳಿಹಬ್ಬಕ್ಕೆ ಆಮೇಲೆ ಭಾರತ ಸರ್ಕಾರ ಸ್ಮರಣೆಯ ನಾಣ್ಯಗಳನ್ನು ಹೊರಡಿಸಿತು. ಜಾತ್ಯತೀತ ಸರ್ಕಾರದ ನಾಣ್ಯದ ಮೇಲೆ ದೇವರು ಇರಬಹುದೇ ಎಂದು ದೆಹಲಿ ಹೈಕೋರ್ಟಿಗೆ ಅರ್ಜಿ ಹೋಯಿತು. 2018ರಲ್ಲಿ ನ್ಯಾಯಾಲಯ ಅರ್ಜಿಯನ್ನು ವಜಾ ಮಾಡಿತು. ಚಲಾವಣೆಗೆ ಅಡ್ಡಿಯಿಲ್ಲ ಎಂದಾಯಿತು. ಆದರೆ ವೈಷ್ಣೋದೇವಿಯ ಐದು, ಹತ್ತು ರೂಪಾಯಿಗಳನ್ನು ಚಿಲ್ಲರೆಯಲ್ಲಿ ಕಾಣುವುದು ಅಪರೂಪ, ಸಿಕ್ಕವರು ಖರ್ಚು ಮಾಡುವುದಿಲ್ಲ.